ಫ್ಲೋರೈಡ್‌ಗೆ ನೊರೆಗುಳಿಗೆಯೇ?

ತಂಗೀ, ಮಧುಗಿರಿಯ ಮೆಡಿಕಲ್‌ನಿಂದ ನಿಮ್ಮ ಯಜಮಾನರು ಅತ್ತೆಗೆಂದು ತಂದ, ನೀರಿಗೆ ಹಾಕಿದೊಡನೆ ಬುಸ್ಸೆಂದು ನೊರೆಯೇಳುವ ಗುಳಿಗೆ ಅಸಿಟೈಲ್‌ಸಿಸ್ಟೀನ್. ಕೊಳೆತ ಮೊಟ್ಟೆಯ ವಾಸನೆ ಎಂದಿರಿ. ಅದು ಗಂಧಕದ್ದು, ಮಾತ್ರೆ ಕೆಟ್ಟಿಲ್ಲ.

ಸಿಸ್ಟೀನ್ ನಮ್ಮ ಕೂದಲಲ್ಲೇ ಇರುವ ಅಮೈನೋ ಆಮ್ಲ. ಕೂದಲು, ಕೋಳಿಪುಕ್ಕವನ್ನು ಆಮ್ಲದಲ್ಲಿ ಕುದಿಸಿ ಅದನ್ನು ತೆಗೆಯುವುದುಂಟು (ಅತ್ತೆಗೆ ಹೇಳಬೇಡಿ!). ಅದರ ಸಾರಜನಕಕ್ಕೆ ಅಸಿಟೈಲ್ ಗುಂಪೊಂದನ್ನು ಅಂಟಿಸಿದರೆ ಈ ಔಷಧ. ಕಫವನ್ನು ಗಟ್ಟಿಯಾಗಿಸುವ ಗಂಧಕದ ಕೊಂಡಿಗಳನ್ನು ಅದು ಬಿಡಿಸುತ್ತದೆ, ಕಫ ನೀರಾಗುತ್ತದೆ. ಪ್ಯಾರಸಿಟಮಾಲ್ ಮಿತಿಮೀರಿ ನುಂಗಿದವರಿಗೆ ಪ್ರತಿವಿಷವೂ ಇದೇ. ಪಿತ್ತಜನಕಾಂಗದಲ್ಲಿ ಬರಿದಾದ ಗ್ಲುಟಾಥಯೋನನ್ನು ಮತ್ತೆ ತುಂಬುತ್ತದೆ. 8 ಗಂಟೆಯೊಳಗೆ ಶುರುಮಾಡಿದರೆ ಫಲ ಹೆಚ್ಚು; ಆ ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು.

ಆದರೆ ಇದು ಮೂಳೆಯೊಳಗಿನ ಫ್ಲೋರೈಡನ್ನು ತೊಳೆಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಬೇಡಿ. ಪಾವಗಡ, ಶಿರಾ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಹಳೆಯ ಕಥೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಬೇಡ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ. ಕುಡಿಯಲಷ್ಟೇ ಅಲ್ಲ, ಮುದ್ದೆಗೆ, ಸಾರಿಗೆ ಕೂಡ.

ಅತ್ತೆಗೆ ಉಬ್ಬಸವಿದೆ ಎಂದೂ ಬರೆದಿದ್ದೀರಿ. ಈ ಔಷಧದಿಂದ ಕೆಲವರಿಗೆ ಉಸಿರು ಕಟ್ಟುವುದುಂಟು, ಹಾಗಾಗಿ ಸದ್ಯಕ್ಕೆ ನಿಲ್ಲಿಸಿ. ಮಾತ್ರೆಯ ಪಟ್ಟಿ, ನೀರಿನ ಪರೀಕ್ಷೆಯ ಚೀಟಿ ಎರಡನ್ನೂ ಹಿಡಿದು ಅವರನ್ನು ಈ ವಾರವೇ ವೈದ್ಯರಿಗೆ ತೋರಿಸಿ.