ಠಾಣೆಯ ಪುಸ್ತಕದಲ್ಲಿ ಏನು ಬರೆದಿದೆ? ಕೇಳಿ ಪಡೆಯೋಣ



ವಾರದ ಸಭೆ ಮುಗಿದ ಮೇಲೆ ನಾವು ನಡಾವಳಿ ಪುಸ್ತಕಕ್ಕೆ ಸಹಿ ಹಾಕ್ತೀವಿ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರಿಗೆ ಸಾಲ ಕೊಟ್ಟೆವು, ಎಲ್ಲವನ್ನೂ ಬರೆದಿಡ್ತೀವಿ. ಯಾಕೆ? ಬಾಯಿಮಾತು ಮರೆತು ಹೋಗುತ್ತೆ, ಬರೆದದ್ದು ಉಳಿಯುತ್ತೆ. ಪೊಲೀಸ್ ಠಾಣೆಯಲ್ಲೂ ಹಾಗೇ ಪುಸ್ತಕಗಳಿವೆ. ದೂರು ಬಂದರೆ ಬರೆಯಬೇಕು, ಯಾರನ್ನಾದರೂ ದಸ್ತಗಿರಿ ಮಾಡಿದರೆ ಬರೆಯಬೇಕು. ಅದರಲ್ಲಿ ಕೆಲವು ದಾಖಲೆ ಕೇಳಿ ಪಡೆಯುವ ಹಕ್ಕು ನಮಗಿದೆ. ಈ ತಿಂಗಳ ಪಾಠ ಅದೇ.

ಮೊದಲು ಒಂದು ನಡೆದ ಸಂಗತಿ. ಕೆಲವು ವರ್ಷಗಳ ಹಿಂದೆ ಇಲವಾಲದ ಸುತ್ತಿನ ಒಂದು ಹಳ್ಳಿಯಿಂದ ಒಬ್ಬ ತಾಯಿ ಬೆಳಗಿನ ಜಾವ ನಮ್ಮ ಕಾನ್ವೆಂಟಿನ ಬಾಗಿಲು ತಟ್ಟಿದರು. ಹಿಂದಿನ ರಾತ್ರಿ ಅವರ ಮಗನನ್ನು ಜೀಪಿನಲ್ಲಿ ಕರ್ಕೊಂಡು ಹೋಗಿದ್ದರು. ಎಲ್ಲಿಗೆ, ಯಾಕೆ, ಹೇಳಿದವರಿಲ್ಲ. ಅಣ್ಣನ ಜೊತೆ ಒಂದು ಠಾಣೆಗೆ ಹೋದರೆ "ಇಲ್ಲಿಲ್ಲ" ಅಂದರು, ಇನ್ನೊಂದಕ್ಕೆ ಹೋದರೆ "ನಾಳೆ ಬನ್ನಿ" ಅಂದರು. ನಡುವೆ ಒಬ್ಬ ಮಧ್ಯವರ್ತಿ "ಫೈಲು ನೋಡಿಸ್ತೀನಿ" ಅಂತ ನಾಲ್ಕು ಸಾವಿರ ಇಸ್ಕೊಂಡ. ಆ ದುಡ್ಡು ಸಂಘದಿಂದ ಕುರಿ ತರಲು ಪಡೆದ ಸಾಲದ್ದು. ಮಗ ಇರುವ ಜಾಗ ಗೊತ್ತಾಗಿದ್ದು ಎರಡನೇ ದಿನ ಮಧ್ಯಾಹ್ನ. ಆ ತಾಯಿ ಕೊನೆಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: "ಸಿಸ್ಟರ್, ಏನು ಕೇಳಬೇಕು ಅಂತಾನೇ ನಂಗೆ ಗೊತ್ತಿರಲಿಲ್ಲ." ಅವತ್ತು ನನಗೂ ಎಲ್ಲಾ ಗೊತ್ತಿರಲಿಲ್ಲ. ಅದಕ್ಕೇ ಈ ಪಾಠ.

ಕಾನೂನು ಬದಲಾಗಿದೆ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಬಂದಿದೆ. ಕೆಳಗೆ "ಸಂಹಿತೆ" ಅಂದರೆ ಇದೇ. ಕಲಂ ಸಂಖ್ಯೆ ಬಾಯಿಪಾಠ ಮಾಡಬೇಕಾಗಿಲ್ಲ, ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

1. ದೂರು ಕೊಟ್ಟಾಗ

ಕಳ್ಳತನ, ಹಲ್ಲೆ, ವರದಕ್ಷಿಣೆ ಕಿರುಕುಳದಂಥ ಅಪರಾಧದ ದೂರು ಕೊಟ್ಟರೆ ಪೊಲೀಸರು ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್ ದಾಖಲಿಸಬೇಕು. ನೀವು ಬಾಯಲ್ಲಿ ಹೇಳಿದರೆ ಅವರು ಬರೆದುಕೊಂಡು, ನಿಮಗೆ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಓದಿ ಹೇಳದೆ ಸಹಿ ಹಾಕಬೇಡಿ. ಅತ್ಯಾಚಾರ, ಲೈಂಗಿಕ ಹಲ್ಲೆಯಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಅಥವಾ ನೊಂದವರಿಗೆ ಉಚಿತವಾಗಿ ಕೊಡಬೇಕು (ಸಂಹಿತೆಯ ಕಲಂ 173). ಜೆರಾಕ್ಸ್ ಖರ್ಚು ಅಂತಲೂ ಕೊಡಬೇಕಾಗಿಲ್ಲ. "ಇದು ನಮ್ಮ ಸರಹದ್ದಿಗೆ ಬರಲ್ಲ" ಅಂತ ವಾಪಸ್ ಕಳಿಸುವ ಹಾಗೂ ಇಲ್ಲ. ಘಟನೆ ಎಲ್ಲೇ ನಡೆದಿರಲಿ, ಹೋದ ಠಾಣೆಯಲ್ಲಿ ಬರೆದುಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದಕ್ಕೆ ಜೀರೋ ಎಫ್‌ಐಆರ್ ಅಂತಾರೆ.

ಎಫ್‌ಐಆರ್ ಮಾಡಲೇ ಇಲ್ಲ ಅಂದರೆ? ದೂರನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ರಸೀತಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಒಂದು ಮಾತು ಗಮನಿಸಿ: ಮೈಸೂರು ನಗರದ ಠಾಣೆಗಳಿಗೆ ಮೇಲಧಿಕಾರಿ ಪೊಲೀಸ್ ಆಯುಕ್ತರು, ಜಿಲ್ಲೆಯ ಠಾಣೆಗಳಿಗೆ ಪೊಲೀಸ್ ವರಿಷ್ಠಾಧಿಕಾರಿಗಳು. ನಿಮ್ಮ ಠಾಣೆ ಯಾರ ಕೆಳಗೆ ಬರುತ್ತೆ ಅಂತ ಠಾಣೆಯ ಬೋರ್ಡು ನೋಡಿಕೊಂಡು ವಿಳಾಸ ಬರೆಯಿರಿ.

ದೂರು ಕೊಟ್ಟು ಸುಮ್ಮನೆ ಕೂರಬೇಡಿ. ತನಿಖೆ ಎಲ್ಲಿಗೆ ಬಂತು ಅನ್ನುವುದನ್ನು 90 ದಿನದೊಳಗೆ ಪೊಲೀಸರೇ ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸಬೇಕು (ಕಲಂ 193).

2. ಮನೆಯವರನ್ನು ಕರ್ಕೊಂಡು ಹೋದಾಗ

1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಸ್ತಗಿರಿಗೆ ಕಟ್ಟುನಿಟ್ಟಿನ ನಿಯಮ ಹಾಕಿತು. ಈಗ ಅವು ಸಂಹಿತೆಯಲ್ಲೇ ಇವೆ.

ಅ) ಹಿಡಿಯಲು ಬಂದ ಪೊಲೀಸರು ತಮ್ಮ ಹೆಸರು ಎಲ್ಲರಿಗೂ ಕಾಣುವಂತೆ ಹಾಕಿಕೊಂಡಿರಬೇಕು.

ಆ) ದಸ್ತಗಿರಿ ಪತ್ರ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಆ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು, ಹಿಡಿದವರ ಸಹಿಯೂ ಇರಬೇಕು (ಕಲಂ 36).

ಇ) ಯಾಕೆ ಹಿಡಿದಿದ್ದೇವೆ ಅಂತ ಆ ವ್ಯಕ್ತಿಗೆ ತಿಳಿಸಬೇಕು. ಎಲ್ಲಿ ಇಟ್ಟಿದ್ದೇವೆ ಅಂತ ಅವರು ಹೇಳಿದ ಸಂಬಂಧಿಕರಿಗೋ ಸ್ನೇಹಿತರಿಗೋ ತಕ್ಷಣ ತಿಳಿಸಬೇಕು. ಯಾರಿಗೆ ತಿಳಿಸಿದೆವು ಅನ್ನುವುದನ್ನು ಠಾಣೆಯ ಪುಸ್ತಕದಲ್ಲಿ ಬರೆಯಬೇಕು (ಕಲಂ 47, 48).

ಈ) ಪ್ರತಿ ಠಾಣೆಯಲ್ಲೂ ಪ್ರತಿ ಜಿಲ್ಲೆಯಲ್ಲೂ ಒಬ್ಬ ಅಧಿಕಾರಿಯನ್ನು ಇದಕ್ಕೇ ನೇಮಿಸಿರಬೇಕು. ಹಿಡಿದವರ ಹೆಸರು, ವಿಳಾಸ, ಆಪಾದನೆಯ ವಿವರ ಅವರ ಹತ್ತಿರ ಇರಬೇಕು. ಆ ಮಾಹಿತಿಯನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರಕಟಿಸಬೇಕು (ಕಲಂ 37).

ಉ) ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು.

ಊ) ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ದಸ್ತಗಿರಿ ಮಾಡುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ ಮಹಿಳಾ ಅಧಿಕಾರಿಯೇ ಬರಹದಲ್ಲಿ ಕಾರಣ ಕೊಟ್ಟು, ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು.

ಆ ತಾಯಿಗೆ ಇದು ಗೊತ್ತಿದ್ದರೆ ಏನು ಮಾಡಬಹುದಿತ್ತು? ಠಾಣೆಯಲ್ಲಿ "ನನ್ನ ಮಗ ಇದ್ದಾನಾ?" ಅನ್ನುವುದರ ಜೊತೆಗೆ "ದಸ್ತಗಿರಿ ಮಾಹಿತಿ ನೋಡಿಕೊಳ್ಳುವ ಅಧಿಕಾರಿ ಯಾರು? ಹಿಡಿದವರ ಪಟ್ಟಿ ಎಲ್ಲಿ ಹಾಕಿದ್ದೀರಿ?" ಅಂತ ಕೇಳಬಹುದಿತ್ತು. "ಇಲ್ಲ" ಅಂದರೆ ಜಿಲ್ಲೆಯ ಪೊಲೀಸ್ ಕಂಟ್ರೋಲ್ ರೂಮನ್ನು ವಿಚಾರಿಸಬಹುದಿತ್ತು. ಮಧ್ಯವರ್ತಿಗೆ ಕೊಟ್ಟ ನಾಲ್ಕು ಸಾವಿರ ಉಳಿಯುತ್ತಿತ್ತು.

3. ಆಪಾದನೆ ಹೊತ್ತವರ ಮನೆಯವರಿಗೆ

"ದೂರು ಕೊಟ್ಟವರಿಗೆ ಮಾತ್ರ ಎಫ್‌ಐಆರ್ ಸಿಗುತ್ತೆ" ಅನ್ನುವುದು ತಪ್ಪು ತಿಳುವಳಿಕೆ. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಒಂದು, ಆಪಾದಿತರಾಗಲಿ ಅವರ ಪರವಾಗಿ ಬಂದವರಾಗಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ 24 ಗಂಟೆಯೊಳಗೆ ಪ್ರತಿ ಕೊಡಬೇಕು. ಎರಡು, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಹುಡುಕಿಸಿ. ಜಿಲ್ಲೆ, ಠಾಣೆ, ಎಫ್‌ಐಆರ್ ನಂಬರು, ವರ್ಷ ತಿಳಿದಿದ್ದರೆ ಸುಲಭ.

ತನಿಖೆ ಮುಗಿದು ದೋಷಾರೋಪಣ ಪಟ್ಟಿ ಕೋರ್ಟಿಗೆ ಹೋದ ಮೇಲೆ, ಆಪಾದಿತರು ಹಾಜರಾದ ದಿನದಿಂದ 14 ದಿನದೊಳಗೆ ಅದರ ಪ್ರತಿ ಉಚಿತವಾಗಿ ಸಿಗಬೇಕು. ವಕೀಲರನ್ನು ಇಟ್ಟುಕೊಂಡ ನೊಂದವರಿಗೂ ಸಿಗುತ್ತೆ (ಕಲಂ 230).

4. ಮಾಹಿತಿ ಹಕ್ಕು ಅರ್ಜಿ

"ನಾನು ಕೊಟ್ಟ ದೂರಿನ ಮೇಲೆ ಏನು ಕ್ರಮ ಆಗಿದೆ?" ಅನ್ನುವಂಥದ್ದಕ್ಕೆ ಮಾಹಿತಿ ಹಕ್ಕು ಕಾಯಿದೆ, 2005 ಇದೆ. ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ, ಕಾರ್ಡಿನ ಜೆರಾಕ್ಸ್ ಇಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯಲ್ಲಿ. ಬರದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು.

5. ಸಿಗದೆ ಇರುವುದು

ತನಿಖೆಗೆ ಅಡ್ಡಿಯಾಗುವ ಮಾಹಿತಿ ಸಿಗುವುದಿಲ್ಲ. ತನಿಖಾಧಿಕಾರಿಯ ಕೇಸ್ ಡೈರಿ ಸಿಗುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವರ, ಪೋಕ್ಸೋ ಪ್ರಕರಣದ ಮಕ್ಕಳ ಹೆಸರು ಹೊರಗೆ ಬರಬಾರದು. 18 ವರ್ಷದೊಳಗಿನ ಮಕ್ಕಳನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಅವರ ಗುರುತನ್ನೂ ಪ್ರಕಟಿಸುವಂತಿಲ್ಲ. ಈ ನಿಯಮಗಳು ನಮ್ಮ ಹೆಣ್ಣುಮಕ್ಕಳನ್ನು, ಮಕ್ಕಳನ್ನು ಕಾಯುವುದಕ್ಕೇ ಇವೆ. ಅದಕ್ಕೆ ಬೇಸರ ಬೇಡ.

6. ಅರ್ಜಿಯ ಮಾದರಿ

ಇವರಿಗೆ: ಠಾಣಾಧಿಕಾರಿಗಳು, ............ ಪೊಲೀಸ್ ಠಾಣೆ.
ಇವರಿಂದ: (ಹೆಸರು, ವಿಳಾಸ, ಫೋನ್)
ವಿಷಯ: ಎಫ್‌ಐಆರ್ ಪ್ರತಿ ಕೋರಿ.
ಮಾನ್ಯರೇ, ದಿನಾಂಕ ............ ರಂದು ನನ್ನ (ಮಗ/ಗಂಡ/ಮಗಳು) ............ ಇವರನ್ನು ತಮ್ಮ ಠಾಣೆಯವರು ದಸ್ತಗಿರಿ ಮಾಡಿರುತ್ತಾರೆ. ಅವರ ಪರವಾಗಿ ಎಫ್‌ಐಆರ್ ಪ್ರತಿಯನ್ನು, ದಸ್ತಗಿರಿಯ ಕಾರಣ ಮತ್ತು ಸಮಯದ ಮಾಹಿತಿಯನ್ನು ಕೊಡಬೇಕಾಗಿ ಕೋರುತ್ತೇನೆ.
ದಿನಾಂಕ, ಸಹಿ.

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ಸ್ವೀಕೃತಿ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಸಂಘದ ಇಬ್ಬರು ಜೊತೆಗೆ ಹೋಗಿ. ಜಗಳ ಬೇಡ, ದನಿ ಎತ್ತುವುದೂ ಬೇಡ. ಠಾಣೆಯಲ್ಲಿ ಸಹಾಯ ಮಾಡುವ ಒಳ್ಳೆಯ ಅಧಿಕಾರಿಗಳೂ ಇದ್ದಾರೆ. ಯಾರ ಹತ್ತಿರ, ಎಷ್ಟು ಗಂಟೆಗೆ ಮಾತಾಡಿದಿರಿ ಅಂತ ಬರೆದಿಟ್ಟುಕೊಳ್ಳಿ.

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ದಸ್ತಗಿರಿಯಲ್ಲಿ ಇರುವವರಿಗೂ ಇದೆ. ಮೈಸೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಅಥವಾ 15100ಕ್ಕೆ ಫೋನ್ ಮಾಡಬಹುದು. ತುರ್ತಿಗೆ 112. ಹಿಡಿದು 24 ಗಂಟೆ ಕಳೆದರೂ ಕೋರ್ಟಿಗೆ ಕರೆತರದಿದ್ದರೆ ಕೂಡಲೇ ವಕೀಲರನ್ನು ನೋಡಿ.

ಕೊನೆಗೆ ಒಂದು ಎಚ್ಚರಿಕೆ

ಎಫ್‌ಐಆರ್ ಅಂದರೆ ತೀರ್ಪಲ್ಲ. ದಸ್ತಗಿರಿ ಅಂದರೆ ಶಿಕ್ಷೆಯಲ್ಲ. ಕೋರ್ಟು ತಪ್ಪಿತಸ್ಥ ಅನ್ನುವವರೆಗೆ ಅವನು ಆಪಾದಿತ ಮಾತ್ರ. ಒಂದು ಸಂಘದಲ್ಲಿ ಸದಸ್ಯೆಯ ಗಂಡನ ಮೇಲೆ ಕೇಸಾಯ್ತು ಅಂತ ಅವಳಿಗೆ ಸಾಲ ನಿಲ್ಲಿಸಿದ್ದರು. ಎಫ್‌ಐಆರ್ ಪ್ರತಿ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಅವಳು ಎರಡು ತಿಂಗಳು ಸಭೆಗೇ ಬರಲಿಲ್ಲ. ಅವಳು ಮಾಡಿದ ತಪ್ಪೇನು? ದಾಖಲೆ ಪಡೆಯುವುದು ನ್ಯಾಯಕ್ಕಾಗಿ, ಹರಟೆಗಲ್ಲ. ಕಷ್ಟದ ದಿನ ಅವಳ ಮನೆಗೆ ಹೋಗಿ "ನಡಿ, ಜೊತೆಗೆ ಹೋಗಿ ಕೇಳೋಣ" ಅನ್ನುವವರೇ ನಿಜವಾದ ಸಂಘದವರು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಠಾಣೆ ಯಾವುದು? ಅದರ ಫೋನ್ ನಂಬರು ನಮ್ಮ ಸಂಘದ ಪುಸ್ತಕದಲ್ಲಿ ಇದೆಯೇ?
2. ರಾತ್ರಿ ಹೊತ್ತು ಯಾರಿಗಾದರೂ ಹೀಗಾದರೆ ಜೊತೆಗೆ ಹೋಗುವ ಇಬ್ಬರು ಯಾರು?
3. ಮೇಲಿನ ಅರ್ಜಿಯನ್ನು ಪ್ರತಿಯೊಬ್ಬರೂ ಒಂದು ಸಲ ಕೈಯಾರೆ ಬರೆಯಿರಿ. ಬರೆಯಲು ಬಾರದವರು ಪಕ್ಕದವರಿಂದ ಬರೆಸಿ, ಓದಿಸಿ ಕೇಳಿ.
4. ಸದಸ್ಯೆಯ ಮನೆಯವರ ಮೇಲೆ ಕೇಸಾದರೆ ಸಂಘ ಹೇಗೆ ನಡೆದುಕೊಳ್ಳಬೇಕು? ತೀರ್ಮಾನವನ್ನು ನಡಾವಳಿಯಲ್ಲಿ ಬರೆಯಿರಿ.