ಅಂಗೈಯಗಲದ ಗ್ರಂಥಭಂಡಾರ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಅರಿತ ಸಂಗತಿ. ಲಿಪಿಕಾರರು ಓಲೆಗರಿಯ ಮೇಲೆ ಅಕ್ಷರ ಕೊರೆಯುತ್ತಿದ್ದ ಆ ಕಾಲದಲ್ಲಿ ಗ್ರಂಥವನ್ನು ಉಳಿಸುವುದೆಂದರೆ ಅದರ ಪ್ರತಿಗಳನ್ನು ಹೆಚ್ಚಿಸುವುದೇ ಆಗಿತ್ತು. ಇಂದು ಜ್ಞಾನವೆಲ್ಲ ಅಂತರಜಾಲದಲ್ಲಿದೆಯೆಂದು ಹೇಳುತ್ತೇವೆ. ಆದರೆ ಆ ಜಾಲದ ಸಂಪರ್ಕವೇ ಇಲ್ಲದ ಊರಿನ ಬಾಲಕನಿಗೆ ಅದು ಬೀಗ ಜಡಿದ ಕಪಾಟು. ಈ ಬೀಗವನ್ನು ತೆರೆಯುವ ಸುಲಭೋಪಾಯವೊಂದನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

1. ಸಾಧನಗಳು

2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದವರು ವಿದ್ಯಾರ್ಥಿಗಳ ಕಲಿಕೆಗೆಂದು ಹೊರತಂದ ಪುಟ್ಟ ಗಣಕಯಂತ್ರವೇ ರಾಸ್ಪ್‌ಬೆರಿ ಪೈ. 2016ರ ಮೂರನೆಯ ಮಾದರಿಯಿಂದೀಚೆಗೆ ಅದರಲ್ಲಿ ವೈಫೈ ಅಂತರ್ಗತವಾಗಿದೆ. ಇದರೊಡನೆ 64 ಜಿಬಿಯ ಒಂದು ಮೆಮೊರಿ ಕಾರ್ಡು ಹಾಗೂ ಆಯಾ ಮಾದರಿಗೆ ತಕ್ಕ 5 ವೋಲ್ಟಿನ ವಿದ್ಯುತ್ ಅಡಾಪ್ಟರು ಬೇಕು. ಗ್ರಂಥಗಳನ್ನು ಬಡಿಸುವ ಕಾರ್ಯ ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ್ದು. ಇದು 2007ರಲ್ಲಿ ಆರಂಭವಾಯಿತು. ವಿಶ್ವಕೋಶವೊಂದರ ಸಕಲ ಪುಟಗಳೂ ‘ಜಿಮ್’ ಎಂಬ ಒಂದೇ ಕಡತದೊಳಗೆ ಅಡಕವಾಗಿರುತ್ತವೆ. ಗರಿಗಳನ್ನು ದಾರದಲ್ಲಿ ಪೋಣಿಸಿ ಕಟ್ಟಿದ ಓಲೆಯ ಕಟ್ಟನ್ನು ನೆನೆದರೆ ಇದು ಸ್ಪಷ್ಟವಾದೀತು.

2. ಸ್ಥಾಪನಾಕ್ರಮ

ಮೊದಲು ಸಂಪರ್ಕವುಳ್ಳ ಬೇರೊಂದು ಗಣಕದಲ್ಲಿ ‘ರಾಸ್ಪ್‌ಬೆರಿ ಪೈ ಇಮೇಜರ್’ ಮೂಲಕ ಕಾರ್ಡಿಗೆ ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯಬೇಕು. ಆಗಲೇ ಬಳಕೆದಾರನ ಹೆಸರು, ಗುಪ್ತಪದ ಹಾಗೂ ದೇಶವನ್ನು ನಮೂದಿಸಬೇಕು. ದೇಶವನ್ನು ಸೂಚಿಸದಿದ್ದರೆ ವೈಫೈ ತೆರೆದುಕೊಳ್ಳದು. ಎರಡನೆಯದಾಗಿ, ಸಂಪರ್ಕವಿರುವಾಗಲೇ ಪೈಯಲ್ಲಿ ‘ಕಿವಿಕ್ಸ್-ಟೂಲ್ಸ್’ ಅನ್ನು ಅಳವಡಿಸಿ, ಕಿವಿಕ್ಸ್ ಭಂಡಾರದಿಂದ ಬೇಕಾದ ಜಿಮ್ ಕಡತಗಳನ್ನು ತಂದಿರಿಸಬೇಕು. ಮೂರನೆಯದಾಗಿ, ‘ಕಿವಿಕ್ಸ್-ಸರ್ವ್’ ಎಂಬ ಆದೇಶಕ್ಕೆ 8080 ಎಂಬ ದ್ವಾರಸಂಖ್ಯೆಯನ್ನೂ ಕಡತದ ಹೆಸರನ್ನೂ ಕೊಟ್ಟು, ಯಂತ್ರ ಎಚ್ಚತ್ತಾಗಲೆಲ್ಲ ಅದು ತಾನಾಗಿ ನಡೆಯುವಂತೆ ಏರ್ಪಡಿಸಬೇಕು. ಕೊನೆಯಲ್ಲಿ ಪೈಯನ್ನೇ ಹಾಟ್‌ಸ್ಪಾಟ್ ಆಗಿಸಬೇಕು. ವಿದ್ಯಾರ್ಥಿಗಳು ಆ ವೈಫೈಗೆ ಸೇರಿ, ಬ್ರೌಸರಿನಲ್ಲಿ ಯಂತ್ರದ ವಿಳಾಸವನ್ನು (ಸಾಮಾನ್ಯವಾಗಿ 10.42.0.1:8080) ಬರೆದರೆ ಗ್ರಂಥಭಂಡಾರವು ತೆರೆಯುತ್ತದೆ.

3. ಅನುಭವದ ಮಾತು

ನನ್ನ ಪ್ರಥಮ ಪ್ರಯತ್ನವು ವಿಫಲವಾಯಿತು. ರಾತ್ರಿಯೆಲ್ಲ ಕಾದು ಇಳಿಸಿಕೊಂಡ ಕಡತವು ಪೆನ್‌ಡ್ರೈವಿಗೆ ಏರಲೊಲ್ಲದು. ‘ಗುರುಗಳೇ, ಇದು ಫ್ಯಾಟ್32 ವಿನ್ಯಾಸದ್ದು, 4 ಜಿಬಿ ಮೀರಿದ ಕಡತವನ್ನು ಹಿಡಿಯದು’ ಎಂದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತಿಳಿಸಿದನು. ಅದನ್ನು ಎಕ್ಸ್‌ಫ್ಯಾಟ್‌ಗೆ ಮಾರ್ಪಡಿಸಿದ ಮೇಲೆ ಕಾರ್ಯ ಸಾಧಿಸಿತು. ಮಾರ್ಪಡಿಸುವಾಗ ಅದರೊಳಗಿನ ಹಳೆಯ ಬರಹಗಳೆಲ್ಲ ಅಳಿಯುವುದರಿಂದ ಮೊದಲೇ ಬೇರೆಡೆ ತೆಗೆದಿಡತಕ್ಕದ್ದು. ಹಠಾತ್ತನೆ ವಿದ್ಯುತ್ ಹೋದರೆ ಕಾರ್ಡಿನ ಬರಹ ಕೆಡುವ ಸಂಭವವಿದೆ. ಆದಕಾರಣ ಪವರ್ ಬ್ಯಾಕಪ್ ಇರಬೇಕು, ಕಾರ್ಡಿನ ಇನ್ನೊಂದು ಪ್ರತಿಯೂ ಇರಬೇಕು. ಇಡೀ ತರಗತಿ ಒಮ್ಮೆಗೇ ಮುಗಿಬಿದ್ದರೆ ಯಂತ್ರ ನಿಧಾನಿಸುವುದರಿಂದ ತಂಡ ತಂಡವಾಗಿ ಓದಿಸುವುದು ಲೇಸು.

4. ಉಪಸಂಹಾರ

ಈ ಭಂಡಾರವು ಇಳಿಸಿಕೊಂಡ ದಿನದ ಪ್ರತಿ ಮಾತ್ರ. ವರ್ಷಕ್ಕೊಮ್ಮೆಯಾದರೂ ನವೀಕರಿಸದಿದ್ದರೆ ಅದು ಹಳಸುತ್ತದೆ. ದಾನಿಗಳು ಯಂತ್ರವನ್ನು ಕೊಡಬಲ್ಲರು. ಅದನ್ನು ಕಾಯುವ ಹೊಣೆಯನ್ನು ಅಧ್ಯಾಪಕರೊಬ್ಬರು ಹೊರದಿದ್ದರೆ ಅದೂ ಕಪಾಟು ಸೇರುವುದು ನಿಶ್ಚಯ. ಅದರಲ್ಲಿರುವುದೆಲ್ಲ ಪ್ರಮಾಣವೆಂದು ಮಕ್ಕಳು ತಿಳಿಯದಂತೆ, ಪಠ್ಯದೊಡನೆ ಹೋಲಿಸಿ ಓದುವ ಅಭ್ಯಾಸವನ್ನೂ ಮಾಡಿಸಬೇಕು. ಇನ್ನೊಂದು ಮಾತು: ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಗಿದ್ದರೂ ಇಂಗ್ಲಿಷಿನದರ ಮುಂದೆ ಬಲು ಕಿರಿದು. ಪೆಟ್ಟಿಗೆಯೊಳಗೆ ಕನ್ನಡವು ಬೆಳೆಯಬೇಕಾದರೆ ಹೊರಗಿರುವ ನಾವು ಬರೆಯಬೇಕು. ನಮ್ಮ ಹಿರಿಯ ವಿದ್ಯಾರ್ಥಿಗಳು ತಾವು ಬಲ್ಲ ಒಂದೊಂದು ವಿಷಯವನ್ನು ಕನ್ನಡದಲ್ಲಿ ಬರೆದು ಸೇರಿಸಿದರೆ, ಅದು ಈ ಕಾಲದ ಪ್ರತಿದಾನವಾದೀತು.