ಮುತ್ತೋಡಿಯಲ್ಲಿ ಬೆಳೆಗಾರನು ನೋಡತಕ್ಕದ್ದು

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಸದಸ್ಯರು ಭದ್ರಾ ಅಭಯಾರಣ್ಯಕ್ಕೆ ಹೋಗಿಬಂದರೆ ಊರಿನವರು ಕೇಳುವುದು ಒಂದೇ: ಹುಲಿ ಕಂಡಿತೇ? ಹುಲಿ ಕಾಣುವುದು ಅದೃಷ್ಟ. ಕಾಟಿ, ಜಿಂಕೆ ಕಂಡರೂ ಸಂತೋಷವೇ. ಆದರೆ ಬೆಳೆಗಾರನು ನೋಡತಕ್ಕದ್ದು ಕಾಡಿನ ನೆಲವನ್ನು.

1951ರಲ್ಲಿ ಅಭಯಾರಣ್ಯವಾದ ಈ ಜಾಗರ ಕಣಿವೆಯನ್ನು ಬಾಬಾಬುಡನ್‌ಗಿರಿ ಸಾಲು ಬಳಸಿ ನಿಂತಿದೆ. ಸಾಲಿನ ಒಳಮೈಗೆ ಬಿದ್ದ ಮಳೆ ಸೋಮವಾಹಿನಿಯಾಗಿ ಭದ್ರೆಗೆ ಹೋಗುತ್ತದೆ. ಪೂರ್ವದ ಹೊರಮೈಯ ನೀರು ವೇದಾ, ಅವತಿ ಎಂಬ ಹೊಳೆಗಳಾಗಿ ಇಳಿದು, ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಮಾರಿಕಣಿವೆ ದಾಟಿ ನಮ್ಮ ಪರಶುರಾಂಪುರದ ಕಡೆಗೆ ಬರುತ್ತದೆ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದೂ 2019ರಿಂದ ಭದ್ರೆಯ ನೀರನ್ನು ಎತ್ತಿ ಹರಿಸಿದ ಮೇಲೆ. ನಡುವೆ ನಮ್ಮ ಕೊಳವೆಬಾವಿಗಳು ಎಷ್ಟು ಆಳಕ್ಕೆ ಇಳಿದವೆಂದು ಹೇಳಬೇಕಾಗಿಲ್ಲ.

ಮುತ್ತೋಡಿ ಶಿಬಿರದ ಆವರಣದಲ್ಲಿ ಮರದಡಿಯ ತರಗೆಲೆ ಸರಿಸಿ ಮಣ್ಣು ಮುಟ್ಟಿ ನೋಡಿರಿ. ತರಗೆಲೆ ಮಳೆಹನಿಯ ಪೆಟ್ಟು ತಡೆಯುತ್ತದೆ, ನೀರು ಕೊಚ್ಚಿಹೋಗದೆ ಇಂಗುತ್ತದೆ, ಬಿಸಿಲಿಗೆ ತೇವ ಆರುವುದಿಲ್ಲ. ಅಡಿಕೆ ಸೋಗೆಯನ್ನು ಒಟ್ಟಿ ಸುಡುವವರು ಇದನ್ನು ಯೋಚಿಸಬೇಕು. ಸೋಗೆಯನ್ನು ಕತ್ತರಿಸಿ, ಕಾಂಡಕ್ಕೆ ತಾಗದಂತೆ, ಡ್ರಿಪ್ ಹನಿ ಬೀಳುವಲ್ಲಿ ದಪ್ಪನಾಗಿ ಹಾಸಿದರೆ ಬಯಲುಸೀಮೆಯ ತೋಟದಲ್ಲೂ ಅದೇ ಕೆಲಸ ನಡೆಯುತ್ತದೆ.

ಮಳೆಗಾಲದಲ್ಲಿ ಹೋದರೆ ಇಂಬಳದ ಕಾಟವುಂಟು. ಕಾಡಿನೊಳಗೆ ಜೀಪಿನಿಂದ ಇಳಿಯಬಾರದು. ಗಿಡ, ಬೀಜ ಯಾವುದನ್ನೂ ಕಿತ್ತು ತರುವಂತಿಲ್ಲ.